ನಂಗೂ ಜ್ವರ ಅಂದಿದ್ದೆ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಬೈಕಿನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಹೋದರು. ಆ ಹಸಿ ವಾಸನೆಗೆ ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

ಶೀಳನೆರೆ ಹತ್ತಿರದ ನಮ್ಮ ಮನೆಯಲ್ಲಿ ಗದ್ದೆ, ಕಬ್ಬು, ಹಸು ಅಪ್ಪನ ಪಾಲು. ರೇಷ್ಮೆ ಹುಳ ಅವ್ವನದು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಸೊಪ್ಪು ಮುಟ್ಟದೆ, ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗೆಲ್ಲ ಅವ್ವನದು ಪಿಸುಮಾತು, ಹುಳಕ್ಕೆ ಘಾಟು ತಾಗೀತೆಂದು ಮನೆಯಲ್ಲಿ ಒಗ್ಗರಣೆಯೂ ಇಲ್ಲ. ಕೂದಲು ಕಿತ್ತು ಬರುವಂತೆ ನನ್ನ ಜಡೆ ಎಳೆಯುತ್ತಿದ್ದ ಅದೇ ಕೈ, ಹುಳದ ತಟ್ಟೆಯನ್ನು ಹೂವಿನಂತೆ ಇಳಿಸುತ್ತಿತ್ತು.

ಚಿಕ್ಕವಳಿದ್ದಾಗ ಒಂದು ದಿನ ಸಹಿಸಲಾಗದೆ ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. "ಅವ್ವಾ, ನಂಗೂ ಜ್ವರ" ಅಂದೆ.

ಅವ್ವ ನನ್ನ ಹಣೆಯನ್ನೂ ಮುಟ್ಟಲಿಲ್ಲ. "ಅಂಗಾರೆ ಉಣ್ಣಕೆ ಏಳಬ್ಯಾಡ ಕಣವ್ವ. ಜ್ವರಕ್ಕೆ ಕೂತೋರಿಗೆ ನಾನು ಸೊಪ್ಪು ಹಾಕಾಕಿಲ್ಲ" ಅಂದಳು. ಮುದ್ದೆ ಕಟ್ಟುವ ಹೊತ್ತಿಗೆ ನನ್ನ ಜ್ವರ ಬಿಟ್ಟಿತ್ತು.

ಇವತ್ತು ನಿಜವಾಗಿಯೂ ಮೈ ಸುಡುತ್ತಿದೆ. ಬಸ್ಸಿನಿಂದಲೇ ಫೋನು ಮಾಡಿ "ಅವ್ವಾ, ಜ್ವರ" ಅಂದೆ.

"ಊಂ ಕಣವ್ವ, ನಾಕನೇದು. ನೆನ್ನೆಯಿಂದ ಕೂತವೆ" ಅಂದಳು ಅವ್ವ. "ಮೆಲ್ಲಗೆ ಮಾತಾಡು."