ಬಂದೂಕಿಲ್ಲದೆ ಹೋದವನು

ಟಕ್. ಟಕ್. ಟಕ್. ಕೋರಿರೊಟ್ಟಿ ತಿನ್ನುತ್ತಾ ಸಣ್ಣ ಮಾವ ನಾಲಿಗೆಯಲ್ಲಿ ಮಾಡಿ ತೋರಿಸಿದ ಆ ಶಬ್ದ ನನಗೆ ಇವತ್ತಿಗೂ ಕೇಳುತ್ತದೆ. ವಿಮಾನದ ಹೊಟ್ಟೆಯಲ್ಲಿದ್ದ ಕ್ಯಾಮೆರಾದ ಶಬ್ದವಂತೆ ಅದು.

ನೆನಪಾದದ್ದು ಕಳೆದ ಭಾನುವಾರ, ಮಿಜಾರಿನ ಒಂದು ಮದುವೆಯಲ್ಲಿ. ತಲೆಯ ಮೇಲೆ ಡ್ರೋನ್. ಮೇಲೆ ನೋಡಿ ಸ್ಮೈಲ್ ಮಾಡಬೇಕಂತೆ. ಸ್ಮೈಲ್ ಬರಲಿಲ್ಲ. (ಊಟ ಹಿಡಿಸಲಿಲ್ಲವೆಂದು ಯಾರೂ ತಿಳಿಯಬೇಡಿ. ಊಟ ಫಸ್ಟ್ ಕ್ಲಾಸ್.)

ಅರುವತ್ತೈದರ ಮೇ ತಿಂಗಳು. ನಾನು ಕಾನ್ವೆಂಟ್ ಹಾಸ್ಟೆಲಿನಿಂದ ಬಂಟ್ವಾಳಕ್ಕೆ ರಜೆಗೆ ಬಂದಿದ್ದೆ. ಸಣ್ಣ ಮಾವ, ಅಂದರೆ ಅಮ್ಮನ ಕೊನೆಯ ತಮ್ಮ, ಏರ್‌ಫೋರ್ಸ್ ಪೈಲಟ್, ಅವನೂ ಬಂದಿದ್ದ. (ನನಗಿಂತ ಹತ್ತೇ ವರ್ಷ ದೊಡ್ಡವನು, ಹಾಗಾಗಿ ಏಕವಚನ.) ಗಡಿಯಾಚೆ ಹಾರಿ ಫೋಟೋ ತೆಗೆದು ತರುವುದು ಅವನ ಡ್ಯೂಟಿ. ವಿಮಾನದಲ್ಲಿ ಬಂದೂಕಿಲ್ಲ, ಬಾಂಬಿಲ್ಲ.

"ಫೋಟೋ ತೆಗೆಯಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ? ಬಿ.ಸಿ.ರೋಡಿನಲ್ಲಿ ಒಂದು ಸ್ಟುಡಿಯೋ ಇಡು" ಎಂದು ದೊಡ್ಡ ಮಾವ ಕೆಣಕಿದರು.

ಅಜ್ಜಿಗೆ ಮಾತ್ರ ಬಹಳ ಸಮಾಧಾನ. ಗುಂಡು ಬೀಳುವುದು ಬಂದೂಕು ಹಿಡಿದವನಿಗೆ ತಾನೇ? ಮಗನದ್ದು ಅಪಾಯವಿಲ್ಲದ ಕೆಲಸವೆಂದು ಊರಿಗೆಲ್ಲ ಹೇಳಿಕೊಂಡಿದ್ದರು. ಮಾವ ತಿದ್ದಿರಲಿಲ್ಲ.

ನನಗೆ ಡೌಟು. ಅಜ್ಜಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲೇ ಕೇಳಿದೆ, ಕೆಳಗಿನವರು ಸುಮ್ಮನೆ ಬಿಡುತ್ತಾರಾ ಎಂದು. ರೊಟ್ಟಿ ಮುರಿಯುತ್ತಾ ಅವನೂ ಇಂಗ್ಲಿಷಿನಲ್ಲೇ ಹೇಳಿದ. ಬಿಡುವುದಿಲ್ಲ. ಕ್ಯಾಮೆರಾ ಓಡುವಷ್ಟು ಹೊತ್ತು ಗೆರೆ ಎಳೆದ ಹಾಗೆ ನೇರ ಹಾರಬೇಕು. ಗುಂಡು ತಪ್ಪಿಸಲು ವಾಲಿದರೆ ಫೋಟೋ ಹಾಳು, ಅದನ್ನು ನಂಬಿ ಮರುದಿನ ಹೋಗುವವರ ಪ್ರಾಣಕ್ಕೆ ಸಂಚಕಾರ. ಆಮೇಲೆ ಆ ಟಕ್ ಟಕ್ ಮಾಡಿ, "ಡೋಂಟ್ ಟೆಲ್ ಹರ್" ಎಂದ.

"ಎಂಥದು ನಿಮ್ಮಿಬ್ಬರದ್ದು ಇಂಗ್ಲಿಷು?" ಅಜ್ಜಿ ಕೇಳಿದರು.

"ಮೇಲೆ ತುಂಬಾ ಚಳಿ ಉಂಟಂತೆ ಅಜ್ಜಿ" ಎಂದೆ. (ಸುಳ್ಳು ಹೇಳಬಾರದೆಂದು ಕಲಿಸಿದ ಸಿಸ್ಟರ್‌ಗಳು ಕ್ಷಮಿಸಲಿ.)

ಸೆಪ್ಟೆಂಬರಿನಲ್ಲಿ ಯುದ್ಧ. ಮಾವನ ವಿಮಾನ ಹಿಂದಿರುಗಲಿಲ್ಲ. ಟೆಲಿಗ್ರಾಂ ಓದಿ ಹೇಳಿದ ಮೇಲೂ ಅಜ್ಜಿ ನಂಬಲಿಲ್ಲ. "ಫೋಟೋ ತೆಗೆಯುವವನಿಗೆ ಯಾರು ಹೊಡೀತಾರೆ? ವಿಳಾಸ ತಪ್ಪಿರಬೇಕು." ಸಾಯುವವರೆಗೂ ಅದೇ ಮಾತು. ಅಂಚೆಯವನ ದಾರಿ ಕಾಯುವುದನ್ನು ಅವರು ಬಿಡಲೇ ಇಲ್ಲ.

ಎಷ್ಟು ಜನರನ್ನು ಹೊಡೆದ ಎಂದು ಕೇಳಿ ನಾವು ಶೂರರನ್ನು ಅಳೆಯುತ್ತೇವೆ. ಯಾರನ್ನೂ ಹೊಡೆಯದೆ, ಗುಂಡಿನ ನಡುವೆ ವಾಲದೆ ಹೋದವನನ್ನು ಯಾವುದರಿಂದ ಅಳೆಯುವುದು?

ನಾನು ಅವನನ್ನು ಕೊನೆಯ ಸಲ ನೋಡಿದ್ದು ಆ ಮೇ ತಿಂಗಳಲ್ಲೇ, ಬಿ.ಸಿ.ರೋಡಿನಲ್ಲಿ, ಮಂಗಳೂರು ಬಸ್ಸಿನ ಕಿಟಕಿಯಲ್ಲಿ. ಸುಡುವ ಬಿಸಿಲು. ಅಜ್ಜಿ ಒಳಗೆ ಕೈ ಹಾಕಿ ಅಜ್ಜನ ಉಣ್ಣೆಯ ಶಾಲನ್ನು ಮಗನ ಕುತ್ತಿಗೆಗೆ ಸುತ್ತಿದರು. "ಮೇಲೆ ಹೋಗುವಾಗ ಮರೀಬೇಡ ಮಗಾ. ಚಳಿ ಉಂಟಂತಲ್ಲ."

ಬಸ್ಸಿನವರೆಲ್ಲ ನಕ್ಕರು. ಮಾವ ನನ್ನ ಕಡೆ ನೋಡಿದ. ಬೆವರು ಇಳಿಯುತ್ತಿದ್ದರೂ ಶಾಲು ತೆಗೆಯಲಿಲ್ಲ.

ನಾನೂ ಬಾಯಿ ಬಿಡಲಿಲ್ಲ.