ಬಾಳೆ ಎಲೆಯ ಮೇಲಿನ ಕೆಂಧೂಳು

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಕಮಲಾಪುರದ ಹೊರಗೆ, ಕಾಲುವೆ ಪಕ್ಕದ ತಗ್ಗಿನಲ್ಲಿ ನಮ್ಮ ಮನೆ. ಮೇಲೆ ಗುಡ್ಡದ ಬುಡದಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಕಟ್ಟಡವಿತ್ತು. ಒಂದು ನಸುಕಿನಲ್ಲಿ ಅಲ್ಲಿಯ ಕ್ಲೋರಿನ್ ಸಿಲಿಂಡರ್ ಸೋರಿತು. ನಾವೆಲ್ಲ ಹೊಲದಲ್ಲಿದ್ದೆವು. ಮನೆಯಲ್ಲಿ ಬುಟ್ಟಿ ಮುಚ್ಚಿಟ್ಟಿದ್ದ ನಾಲ್ಕು ಕೋಳಿ ಸತ್ತವು; ಮಾಡಿನ ಮೇಲೆ ಕೂತಿದ್ದವು ಉಳಿದವು. ವಿಚಾರಿಸಿ ಬರೆದುಕೊಳ್ಳಲು ಬಂದ ಸರ್ಕಾರದವರಿಗೆ, ನಾಯಿ ಹಿಡಿಯಿತು ಎಂದೆ. ಗ್ಯಾಸ್ ಕುಡಿದ ಮನೆಯ ಮೊಟ್ಟೆ ಯಾರು ಕೊಳ್ಳುತ್ತಾರೆ?

ಆಮೇಲೆ ಹೊಸಪೇಟೆಯಿಂದ ಒಬ್ಬ ಹುಡುಗಿ ಬಂದಳು, ಇಂಜಿನಿಯರ್. ವಿಷದ ಗಾಳಿ ಎತ್ತ ಹರಡುತ್ತದೆಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ಅವಳ ಕೆಲಸ. ನಕ್ಷೆಯ ಮೇಲೆ ಬದನೆಕಾಯಿಯಂಥ ಗೆರೆ ಎಳೆದಿದ್ದಳು. ಮತ್ತೆ ಗ್ಯಾಸ್ ಸೋರಿದರೆ ಅದರೊಳಗಿನವರು ಓಡಿಬಂದು ನಮ್ಮ ತಗ್ಗಿನ ಅಂಗನವಾಡಿ ಸೇರಬೇಕಂತೆ. ನನ್ನ ಮೊಮ್ಮಗಳು ದಿನಾ ಕೂರುವುದು ಅಲ್ಲೇ.

“ಗಾಳಿ ಎಲ್ಲಿ ಅಳದೀಯವ್ವಾ?”

“ಹೊಸಪೇಟೆ ಡ್ಯಾಂ ಹತ್ರ ಮಷಿನ್ ಐತ್ರಿ ಅಜ್ಜಿ. ಅದರ ಪ್ರಕಾರ ಗಾಳಿ ಈ ಕಡೆ ಬರಂಗಿಲ್ಲ.”

“ಡ್ಯಾಂ ಗಾಳಿ ಡ್ಯಾಂನವ್ರು ಕುಡೀಲಿ. ನನ್ನ ಕೋಳಿ ಸತ್ತಿದ್ದು ಗ್ಯಾಸಿಗೆ.”

“ನಾಯಿ ಹಿಡೀತು ಅಂತ ಬರದೈತಲ್ರೀ.”

“ಸುಳ್ಳು ಹೇಳಿದ್ದೆ. ಈಗ ಖರೇ ಬರಕೋ.”

ಅವಳು ಪೆನ್ನು ತೆಗೆಯಲಿಲ್ಲ. ಒಮ್ಮೆ ಸುಳ್ಳು ಹೇಳಿದವಳ ಮಾತು ಯಾಕೆ ನಂಬಬೇಕು? ಬಾಳೆ ತೋಟಕ್ಕೆ ಕರೆದೊಯ್ದೆ. ರಸ್ತೆ ಪಕ್ಕದ ದಿಬ್ಬದ ಮೇಲಿನ ಎಲೆಗಳು ಹಸಿರಾಗಿದ್ದವು. ರಸ್ತೆಯಿಂದ ದೂರದ ತಗ್ಗಿನ ಎಲೆಗಳ ಮೇಲೆ ಅದಿರಿನ ಕೆಂಪು ಧೂಳು. ಅವಳು ಬೆರಳಿನಿಂದ ಒರೆಸಿ ನೋಡಿದಳು.

“ನಸುಕಿನ್ಯಾಗ ಗಾಳಿ ಮ್ಯಾಲ ಏಳಂಗಿಲ್ಲ. ಧೂಳು ಹೊತ್ಕೊಂಡು ಗುಡ್ಡ ಇಳದು ಇಲ್ಲೇ ಕುಂದರ್ತೈತಿ. ನಾಳಿ ಜಲ್ದಿ ಬಾ, ತೋರಸ್ತೀನಿ.”

ಮರುದಿನ ಬೆಳಗಾಗುವಾಗ ಆ ನೀರಿನ ಕಟ್ಟಡದ ಬೇಲಿಯ ಹೊರಗೆ ಕಬ್ಬಿನ ಹಸಿ ಸೋಗೆಗೆ ಬೆಂಕಿ ಹಚ್ಚಿದೆ. ಹೊಗೆ ನೆಲ ಬಿಡದೆ ಇಳಿದು ಬಂದು ಅಂಗನವಾಡಿಯ ಗೋಡೆಗೆ ತಾಗಿ ನಿಂತಿತು, ಕೂತ ಮಗುವಿನ ಮೂಗಿನ ಎತ್ತರಕ್ಕೆ. ಹುಡುಗಿ ಪೆನ್ನು ತೆಗೆದಳು. ಆಮೇಲೆ ಕೇಳಿದಳು, “ಕೋಳಿ ಬುಟ್ಟಿ ಎಲ್ಲಿತ್ರಿ, ಸರಿಯಾಗಿ ಹೇಳ್ರಿ.”

ನಮ್ಮ ಬಣವೆಗೆ ಗಾಳಿ ಅಳೆಯುವ ಒಂದು ಮಷಿನ್ ಕಟ್ಟಿ, ತಿಂಗಳಾನುಗಟ್ಟಲೆ ಬಂದು ಬರೆದುಕೊಂಡಳು. ಗುಡ್ಡ, ತಗ್ಗು, ನಸುಕು ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಿದಳು. ಬದನೆಕಾಯಿ ಸೊಟ್ಟಗಾಗಿ, ಅದರ ತುದಿ ನಮ್ಮ ಅಂಗಳಕ್ಕೆ ಬಂತು. ಜನ ಸೇರುವ ಜಾಗದ ಬೋರ್ಡು ಕಿತ್ತು ದಿಬ್ಬದ ಮೇಲೆ ನೆಟ್ಟರು. ಸೈರನ್ ಹೊಡೆದು ಪರೀಕ್ಷೆ ಮಾಡಿದ ದಿನ ಮೊಮ್ಮಗಳು ಎಲ್ಲರಿಗಿಂತ ಮೊದಲು ಹತ್ತಿದಳು. ಕೊನೆಯವಳು ನಾನು, ಮೊಣಕಾಲು ಹಿಡಿದುಕೊಂಡು.

ಕೋಳಿಯ ವಿಷಯ ಊರಿಗೆಲ್ಲ ಗೊತ್ತಾಗಿ, ಆ ಮಳೆಗಾಲ ಪೂರ್ತಿ ನನ್ನ ಮೊಟ್ಟೆ ಯಾರೂ ಕೊಳ್ಳಲಿಲ್ಲ. ನಾವೇ ತಿಂದೆವು.