ಗೋಡೆಗೆ ಹೊದಿಸಲು ಹೊಲಿದ ಶಾಲು

ಈ ವಯಸ್ಸಿನಲ್ಲಿ ಮಂಡಿನೋವು ಬರಬಹುದಂತೆ, ಸಕ್ಕರೆ ಕಾಯಿಲೆ ಬರಬಹುದಂತೆ, ಹೊಟ್ಟೆಕಿಚ್ಚು ಮಾತ್ರ ಬರಬಾರದಂತೆ. ನನಗೆ ಮೂರೂ ಇವೆ. ಮೊದಲೆರಡಕ್ಕೆ ಮಾತ್ರೆ ನುಂಗುತ್ತೇನೆ. ಮೂರನೆಯದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಟೈಪ್ ಮಾಡುವುದನ್ನು ಮೊಮ್ಮಗಳು ಕಲಿಸಿ ಎರಡು ತಿಂಗಳಾಯಿತು. ನಾನು ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಕುಕ್ಕರ್ ಮೂರು ಸಲ ಕೂಗಿರುತ್ತದೆ.

ನನ್ನ ಹೊಟ್ಟೆ ಉರಿಸಿದ ಹೆಂಗಸು ನಮ್ಮ ಸಬ್‌ಡಿವಿಷನ್ನಿನಲ್ಲೇ ಅಂದರೆ ಇದೇ ಬಡಾವಣೆಯಲ್ಲಿ ಎರಡು ಬೀದಿ ಆಚೆ ಇದ್ದಾಳೆ. ನನಗಿಂತ ಒಂದು ವರ್ಷ ಚಿಕ್ಕವಳು. ಬೆನ್ನು ಮಾತ್ರ ನನಗಿಂತ ನೆಟ್ಟಗಿದೆ. ಈ ದೊಡ್ಡ ಕೆರೆಗಳ ಸೀಮೆಯಲ್ಲಿ ಬಿಳಿಯರು ಬರುವ ಮೊದಲಿನಿಂದ ಇರುವ ಓಜಿಬ್ವೆ ಮೂಲನಿವಾಸಿಗಳು ಆಕೆಯ ಜನ. ನನ್ನ ಮಗಳು ಕಾರು ಡಿಸೈನ್ ಮಾಡಲು ದಿನಾ ವಾರೆನ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಾಳೆ. ಮೊಮ್ಮಗಳು ಇಲ್ಲೇ ಹೈಸ್ಕೂಲಿನ ಟ್ರ್ಯಾಕ್ ಟೀಮಿನಲ್ಲಿ ಓಡುತ್ತಾಳೆ. ಆ ಟ್ರ್ಯಾಕಿನ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಕೊರಳಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡು, ಮಕ್ಕಳ ಓಟದ ಟೈಮ್ ಹಿಡಿಯುವವಳು ಆಕೆ. ಯಾರೂ ಕರೆಯದೆ, ತಾನಾಗಿ ಬಂದು ಕೂರುತ್ತಾಳೆ.

ಮೊಮ್ಮಗಳು ಊಟಕ್ಕೆ ಕೂತರೆ ಆಕೆಯದೇ ಕಥೆ.

"ಅಜ್ಜಿ, ಯು ನೋ, ಅವ್ರು ನಮ್ಮ ಸ್ಕೂಲಲ್ಲೇ ಓದಿದ್ದು. ಹಾಫ್ ಮೈಲ್‌ನಲ್ಲಿ ಇಡೀ ಸ್ಟೇಟ್‌ಗೇ ಫಸ್ಟ್! ಲಾಸ್ಟ್ ಲ್ಯಾಪ್ ಓಡೋವಾಗ ಸ್ಟ್ಯಾಂಡ್ಸ್‌ನಲ್ಲಿದ್ದೋರೆಲ್ಲ ಬಾಯಿ ಮೇಲೆ ಕೈ ಬಡ್ಕೊಂಡು ಊ ಊ ಅಂತ ಕೂಗಿದ್ರಂತೆ. ನಮ್ಮ ಸ್ಕೂಲಿನವ್ರೇ ಅಜ್ಜಿ, ಓನ್ ಸ್ಕೂಲ್!"

"ಹುರಿದುಂಬಿಸೋಕೇನೋ."

"ನೋ! ಅಣಕಿಸೋಕೆ. ಸಿನಿಮಾದಲ್ಲಿ ಅವ್ರ ಜನ ಹಾಗೆ ಕೂಗ್ತಾರೆ ಅಂತ ತೋರಿಸ್ತಾರಲ್ಲ, ಹಾಗೆ. ಕಪ್ ಕೂಡ ಸ್ಟೇಜ್ ಮೇಲೆ ಕೊಡ್ಲಿಲ್ಲ. ಸೋಮವಾರ ಆಫೀಸಿಗೆ ಕರೆದು ಕೊಟ್ರಂತೆ. ಪೇಪರ್‌ನಲ್ಲಿ ಸೆಕೆಂಡ್ ಬಂದೋಳ ಫೋಟೋ."

ಚಾಂಪಿಯನ್ನರ ಫೋಟೋಗಳನ್ನೆಲ್ಲ ಜಿಮ್ ಅನ್ನುವ ಶಾಲೆಯ ಆಟದ ಹಾಲಿನಲ್ಲಿ ಸಾಲಾಗಿ ತೂಗುಹಾಕಿದ್ದಾರೆ. ಆಕೆಯದು ಮಾತ್ರ ಇರಲಿಲ್ಲ. ಈಗ ಐವತ್ತು ವರ್ಷ ಕಳೆದ ಮೇಲೆ ಶಾಲೆಯವರಿಗೆ ಬುದ್ಧಿ ಬಂದು, ಫೋಟೋ ಹಾಕಿ ಸನ್ಮಾನ ಮಾಡುತ್ತಾರಂತೆ. ಟೀಮಿನ ಪರವಾಗಿ ಭಾಷಣ ಮಾಡುವವಳು ನನ್ನ ಮೊಮ್ಮಗಳು.

ನಾನು ಸಾರು ಬಡಿಸುತ್ತಾ, "ನಾನೂ ಓಡ್ತಿದ್ದೆ ಕಣೇ. ಕಾಲೇಜಲ್ಲಿ ಎಂಟುನೂರು ಮೀಟರ್, ಫಸ್ಟು" ಅಂದೆ.

"ಆ, ಸೋ ಕ್ಯೂಟ್ ಅಜ್ಜಿ!" ಅಂದವಳು, ಮತ್ತೆ ಭಾಷಣದ ಹಾಳೆಗೆ ತಲೆ ಬಗ್ಗಿಸಿದಳು.

ಕ್ಯೂಟಂತೆ. ಮೈಸೂರಿನ ಬಿಸಿಲಿನಲ್ಲಿ ಸೀರೆಗೆ ಕಚ್ಚೆ ಹಾಕಿಕೊಂಡು ಬರಿಗಾಲಲ್ಲಿ ಓಡಿದವಳು ನಾನು. ಬಹುಮಾನಕ್ಕೆ ಬಂದ ಸ್ಟೀಲ್ ಡಬ್ಬದಲ್ಲಿ ಇವತ್ತಿಗೂ ಸಾಸಿವೆ ಇದೆ. ಈ ಹುಡುಗಿ ದಿನಾ ಆ ಸಾಸಿವೆಯ ಒಗ್ಗರಣೆ ತಿನ್ನುತ್ತಾಳೆ, ಡಬ್ಬ ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿಲ್ಲ. ನನಗೆ ಬೇಕಾಗಿದ್ದು ಸನ್ಮಾನವಲ್ಲ. ಆಕೆಯ ಕಥೆ ಹೇಳುವಾಗ ಅಗಲವಾಗುವ ಆ ಎರಡು ಕಣ್ಣು ಒಂದು ಸಲ ನನ್ನ ಕಡೆಗೂ ಹಾಗೆ ತಿರುಗಬೇಕಿತ್ತು.

ಅಷ್ಟರಲ್ಲಿ ಆಕೆ ಶಾಲೆಗೆ ಒಂದು ಕಾಗದ ಬರೆದಳು. ಜಿಮ್ಮಿನ ಗೋಡೆಯ ಮೇಲೆ ಗರಿ ಸಿಕ್ಕಿಸಿಕೊಂಡ ಒಂದು ತಲೆಯ ಚಿತ್ರವಿದೆ. ಕೆಂಪು ಮುಖ, ದೊಡ್ಡ ಮೂಗು, ಹಲ್ಲು ಕಿರಿದ ಬಾಯಿ. ಅದು ಆಕೆಯ ಜನರ ಅಣಕ. ಶಾಲೆಯ ತಂಡಗಳಿಗೆಲ್ಲ ಅದೇ ಗುರುತು. "ಆ ತಲೆಯನ್ನು ಅಳಿಸಿ. ಆಮೇಲೆ ಬರುತ್ತೇನೆ" ಎಂದು ಬರೆದಿದ್ದಳಂತೆ. ಶಾಲೆ ನಡೆಸುವ ಬೋರ್ಡಿನವರು, ಅಳಿಸುವ ವಿಷಯ ಬೇಸಿಗೆಯ ಮೀಟಿಂಗಿನಲ್ಲಿ ನೋಡೋಣ, ಸದ್ಯಕ್ಕೆ ಆ ದಿನ ಬಟ್ಟೆ ಮುಚ್ಚುತ್ತೇವೆ ಎಂದರು. ಅಷ್ಟು ಅಗಲದ ಬಟ್ಟೆ ಯಾರ ಹತ್ತಿರವಾದರೂ ಇದೆಯೇ ಎಂದು ಟೀಮಿನ ತಾಯಂದಿರಿಗೆಲ್ಲ ಈಮೇಲ್ ಬಂತು.

ಸುಳ್ಳೇಕೆ ಹೇಳಲಿ, ಮೊದಲು ನನಗೆ ಖುಷಿಯೇ ಆಯಿತು. ಕರೆದು ಕೊಟ್ಟರೆ ಬೇಡ ಅನ್ನುವ ಜಂಬ ನೋಡು ಅಂದುಕೊಂಡೆ. ನನ್ನನ್ನು ಕರೆದಿದ್ದರೆ ಯಾವ ಗೋಡೆಯ ಮುಂದೆ ಬೇಕಾದರೂ ನಿಲ್ಲುತ್ತಿದ್ದೆ. ಬೇಡ ಅನ್ನುವಷ್ಟು ಸಿರಿತನವೂ ಆಕೆಗೇ ಇದೆಯಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆದರೆ ಸಂಜೆ ಮೊಮ್ಮಗಳು ಭಾಷಣದ ಹಾಳೆಯನ್ನು ಮುದುರಿ ಹಿಡಿದುಕೊಂಡು, "ಅವ್ರು ಬರಲ್ಲ ಅಜ್ಜಿ. ಮತ್ತೆ ಆ ಸೋಮವಾರದ ಥರಾನೇ ಆಗೋಗುತ್ತೆ" ಎಂದು ಅತ್ತಳು.

ಆಗ ಹೊಳೆಯಿತು ನನ್ನ ಐಡಿಯಾ. ಅಗಲದ ಬಟ್ಟೆ ತಾನೆ?

ನಮ್ಮ ಕನ್ನಡ ಬಳಗದಲ್ಲಿ ಶಾಲಿಗೆ ಬರವಿಲ್ಲ. ಹಾಡಿದವರಿಗೆ ಶಾಲು, ನಾಟಕ ಮಾಡಿದವರಿಗೆ ಶಾಲು, ಮೈಕು ಹಿಡಿದವರಿಗೂ ಶಾಲು. ಹೊದಿಸಿಕೊಂಡವರು ಮನೆಗೆ ತಂದು ಕ್ಲಾಸೆಟ್ಟಿನಲ್ಲಿಡುತ್ತಾರೆ. ಮುಂದಿನ ಕಾರ್ಯಕ್ರಮಕ್ಕೆ ಅದೇ ಶಾಲು ಇನ್ನೊಬ್ಬರ ಹೆಗಲೇರುತ್ತದೆ. ನಾನು ಕೂತು ಒಂದೊಂದೇ ಅಕ್ಷರ ಒತ್ತಿ ಹೆಂಗಸರ ಗ್ರೂಪಿಗೆ ಮೆಸೇಜ್ ಕಳಿಸಿದೆ. ಮೂರೇ ದಿನದಲ್ಲಿ ಬಾಗಿಲ ಮುಂದೆ ರಾಶಿ ಬಿತ್ತು. ಆನ್ ಆರ್ಬರ್‌ನಿಂದ ಒಬ್ಬಳು ಡಾಕ್ಟರು ಡ್ರೈವ್ ಮಾಡಿಕೊಂಡು ಬಂದು ಕೊಟ್ಟು ಹೋದಳು. "ತಗೊಳ್ಳಿ ಆಂಟಿ, ವಾಪಸ್ ಮಾತ್ರ ಕೊಡ್ಬೇಡಿ" ಅಂದಳು. ಒಟ್ಟು ಇಪ್ಪತ್ತೆರಡು.

ಮೂರು ಮಧ್ಯಾಹ್ನ ಮಷೀನಿನ ಮುಂದೆ ಕೂತು ಜರಿಗೆ ಜರಿ ಕೂಡಿಸಿ ಹೊಲಿದೆ. ಮೊಮ್ಮಗಳು ನೆಲದ ಮೇಲೆ ಕೂತು ಪಿನ್ನು ಕೊಡುತ್ತಾ, "ಅಜ್ಜಿ, ಯು ಆರ್ ಎ ಜೀನಿಯಸ್" ಅಂದಳು. ಕಣ್ಣು ಅಗಲವಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಆದರೂ ಆಕೆಗೂ ತೋರಿಸಿ, ಆಕೆಯ ಬಾಯಿಂದಲೂ ಒಂದು ಥ್ಯಾಂಕ್ಸ್ ಹೇಳಿಸಬೇಕೆಂದು ಆಸೆಯಾಯಿತು. ಇಬ್ಬರೂ ಬಟ್ಟೆ ಹೊತ್ತುಕೊಂಡು ಆಕೆಯ ಮನೆಗೆ ಹೋದೆವು.

ಗೋಡೆಯ ತಲೆ ಮುಚ್ಚಲು ತಂದಿದ್ದೇವೆ ಎಂದು ಮೊಮ್ಮಗಳು ಹೇಳಿದಳು. ಆಕೆ ಸೋಫಾದ ಮೇಲೆ ಅದನ್ನು ಹರಡಿ ಅಂಚುಗಳ ಮೇಲೆ ಬೆರಳಾಡಿಸಿದಳು. ಆಕೆಯ ಇಂಗ್ಲಿಷನ್ನು ಮೊಮ್ಮಗಳು ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು, ನನ್ನ ಕನ್ನಡವನ್ನು ಆಕೆಗೆ ಇಂಗ್ಲಿಷ್ ಮಾಡಿ.

"ತುಂಬಾ ಚೆನ್ನಾಗಿದೆ. ಇದನ್ನ ಯಾವಾಗ ಹಾಕ್ಕೋತೀರಾ?"

"ನಾವಾಗಿ ಹಾಕ್ಕೊಳ್ಳಲ್ಲ. ಯಾರಿಗಾದ್ರೂ ಗೌರವ ತೋರಿಸ್ಬೇಕಾದ್ರೆ ಅವ್ರ ಹೆಗಲಿಗೆ ಹೊದಿಸ್ತೀವಿ."

"ಓ, ನಮ್ಮಲ್ಲೂ ಹಾಗೇ. ಕಂಬಳಿ ಹೊದಿಸ್ತೀವಿ." ಆಕೆ ನನ್ನ ಮುಖ ನೋಡಿದಳು. "ಹಾಗಾದ್ರೆ ಇದನ್ನ ಆ ತಲೆಗೆ ಹೊದಿಸ್ತೀರಾ?"

ಮೊಮ್ಮಗಳು ಅದನ್ನು ಕನ್ನಡ ಮಾಡುವ ಮೊದಲೇ ನನಗೆ ಅರ್ಥವಾಗಿತ್ತು. ಇಪ್ಪತ್ತೆರಡು ಸನ್ಮಾನ ಕೂಡಿಸಿ ಹೊಲಿದು ಆ ಹಲ್ಲುಕಿರಿಯುವ ಮೂತಿಗೆ ಹೊದಿಸಲು ಹೊರಟಿದ್ದೆ. ಸಾಯುವಷ್ಟು ವಯಸ್ಸಾದರೂ ಶಾಲು ಹೊದಿಸುವುದೆಂದರೇನು ಎಂದು ಈಗ ಒಬ್ಬರು ನನಗೆ ನೆನಪಿಸಬೇಕಾಯಿತು.

ಆಕೆ ಬೈಯಲಿಲ್ಲ. ಟೀ ಮಾಡಿ ತಂದಳು. "ಮುಚ್ಚೋದು ಅವ್ರಿಗೆ ಚೆನ್ನಾಗಿ ಬರುತ್ತೆ. ನಾನು ಗೆದ್ದ ಕಪ್ಪನ್ನೂ ಕಾಗದದ ಚೀಲದಲ್ಲಿ ಮುಚ್ಚಿಯೇ ಕೊಟ್ಟಿದ್ರು" ಎಂದು ನಕ್ಕಳು. ಆಮೇಲೆ, "ನೀವೂ ಓಡ್ತಿದ್ರಂತೆ. ಮೊಮ್ಮಗಳು ಹೇಳಿದ್ಳು. ಎಂಟುನೂರು ಮೀಟರ್ ಅಲ್ವಾ? ನಿಮ್ಮ ಟೈಮ್ ಎಷ್ಟು?" ಅಂದಳು.

ನನ್ನ ಟೈಮ್ ಎಷ್ಟೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. ಕೇಳಿದ ಮೇಲೆ ಬಾಯಿ ಸುಮ್ಮನಿರಬೇಕಲ್ಲ. ನಿಜವಾದ ಟೈಮಿನಿಂದ ನಾಲ್ಕು ಸೆಕೆಂಡ್ ಕಳೆದು ಹೇಳಿದೆ. ಬರಿಗಾಲು, ಸೀರೆಯ ಕಚ್ಚೆ ಎಂದೂ ಸೇರಿಸಿದೆ.

ಆಕೆಯ ಹುಬ್ಬು ಮೇಲೇರಿತು. "ಬರಿಗಾಲಲ್ಲಿ? ಸೀರೆಯಲ್ಲಿ?"

"ಎಸ್" ಎಂದೆ, ಇಂಗ್ಲಿಷಿನಲ್ಲೇ.

ಜಿಮ್ಮಿನ ಸಮಾರಂಭಕ್ಕೆ ಆಕೆ ಒಪ್ಪಲೇ ಇಲ್ಲ. ಶಾಲೆಯವರು ಮುಂದೂಡಿದ್ದೇವೆ ಎಂದು ಈಮೇಲ್ ಕಳಿಸಿದರು. ಆ ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಮೊಮ್ಮಗಳು ಟ್ರ್ಯಾಕಿನ ಪಕ್ಕ, ಆ ಮಡಿಸುವ ಕುರ್ಚಿಯ ಎದುರಿಗೇ ನಿಂತು ಮುದುರಿದ ಹಾಳೆ ಬಿಡಿಸಿದಳು. ಬಿಸಿಲು ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತು ಡಿಗ್ರಿ ಇತ್ತು. ಟೀಮಿನವರೆಲ್ಲ ಹುಲ್ಲಿನ ಮೇಲೆ ಕೂತಿದ್ದರು. ಯಾರು ಕೂಗಿದರು, ಹೇಗೆ ಕೂಗಿದರು, ಕಪ್ಪನ್ನು ಎಲ್ಲಿ ಕೊಟ್ಟರು, ಒಂದನ್ನೂ ಬಿಡದೆ ಓದಿದಳು. ಆಕೆ ಸ್ಟಾಪ್‌ವಾಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ನೆಲ ನೋಡುತ್ತಿದ್ದಳು.

ನಾನು ಹೊಲಿಗೆ ಬಿಚ್ಚಿ ಒಂದೇ ಒಂದು ಶಾಲು ತಂದಿದ್ದೆ, ಹಸಿರು ಅಂಚಿನದು. ಆಕೆಯ ಹೆಗಲಿಗೆ ಹೊದಿಸಿದೆ. ಹೊದಿಸುವಾಗಲೂ ಹೊಟ್ಟೆಯೊಳಗೆ ಒಂದು ಸಣ್ಣ ಕೆಂಡ ಚುರುಗುಟ್ಟಿತು; ಇಲ್ಲ ಎನ್ನಲಾರೆ.

ಅವರಲ್ಲಿ ಸನ್ಮಾನ ಮಾಡಿಸಿಕೊಂಡವರೇ ಬಂದವರಿಗೆಲ್ಲ ಉಡುಗೊರೆ ಕೊಡಬೇಕಂತೆ. ಆಕೆ ಎಲ್ಲರ ಕೈಗೂ ಇಲ್ಲಿನ ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯ ಒಂದೊಂದು ಪೊಟ್ಟಣ ಕೊಟ್ಟಳು. ನನ್ನ ಸರದಿ ಬಂದಾಗ ಪೊಟ್ಟಣದ ಜೊತೆಗೆ ಸ್ಟಾಪ್‌ವಾಚನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿ, "ನೀವು ಹೇಳಿದ ಟೈಮ್ ಬಗ್ಗೆ ನನಗೆ ಡೌಟಿದೆ. ಬನ್ನಿ, ಇಲ್ಲಿಂದ ಆ ಕಂಬದ ತನಕ" ಅಂದಳು.

ನಾನು ಕಳೆದು ಹೇಳಿದ್ದು ಗೊತ್ತಾಗಿಬಿಟ್ಟಿತ್ತು! ಎಷ್ಟೆಂದರೂ ಟೈಮ್ ಹಿಡಿಯುವವಳಲ್ಲವೇ.

ಸೆರಗು ಸಿಕ್ಕಿಸಿದೆ. ಆಕೆ ಶಾಲನ್ನು ಸೊಂಟಕ್ಕೆ ಬಿಗಿದಳು. ಓಡಿದೆವು ಅಂದರೆ ದೇವರು ಮೆಚ್ಚುವುದಿಲ್ಲ, ಬಿರಬಿರನೆ ನಡೆದೆವು. ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊಮ್ಮಗಳು ಕಂಬದ ಹತ್ತಿರ ಫೋನ್ ಹಿಡಿದುಕೊಂಡು, "ಅಜ್ಜೀ, ಬಾ, ಬಾ, ಬಾ! ಫಾಸ್ಟ್!" ಎಂದು ಗಂಟಲು ಹರಿಯುವಂತೆ ಕೂಗಿದಳು. ನನಗೇ ಕೂಗಿದ್ದು. ಕಣ್ಣು ಇಷ್ಟಗಲ.

ಆದರೂ ಸೋತೆ, ಒಂದು ಮೊಳದಷ್ಟು.

ಗೋಡೆಯ ಮೇಲಿನ ತಲೆ ಇನ್ನೂ ಹಲ್ಲು ಕಿರಿಯುತ್ತಿದೆ. ಬೇಸಿಗೆಯ ಮೀಟಿಂಗಿನಲ್ಲಿ ಮಾತಾಡಲು ಮೊಮ್ಮಗಳು ಹೆಸರು ಕೊಟ್ಟಿದ್ದಾಳೆ. ನನ್ನದನ್ನೂ ಕೇಳದೆ ಸೇರಿಸಿದ್ದಾಳೆ. ಜಿಮ್ಮಿನಲ್ಲಿ ಆಕೆಯ ಫೋಟೋಗೆ ಜಾಗ ಸಿಗುವವರೆಗೂ ಮೊಮ್ಮಗಳು ಅವತ್ತು ತೆಗೆದ ಫೋಟೋ ನಮ್ಮ ಫ್ರಿಜ್ಜಿನ ಮೇಲಿರುತ್ತದೆ. ಅದರಲ್ಲಿ ಹಸಿರು ಅಂಚಿನ ಶಾಲು ಬಿಗಿದ ಆಕೆ ಪೂರ್ತಿ ಇದ್ದಾಳೆ, ನಗುತ್ತಾ. ನನ್ನದು ಒಂದು ಮೊಣಕೈ ಮಾತ್ರ ಬಿದ್ದಿದೆ. ದಿನಾ ಹಾಲು ತೆಗೆಯುವಾಗ ನೋಡುತ್ತೇನೆ. ದಿನಾ ಉರಿಯುತ್ತದೆ.